ಸಣ್ಣ ಉಳುವ ಯಂತ್ರದ ಎಂಜಿನ್ನು: ದೋಷಪರೀಕ್ಷೆಯೂ ಪುನರ್ಜೋಡಣೆಯೂ

(ಬೇಸಾಯಗಾರರಿಗೂ ಗ್ರಾಮಮುಖಂಡರಿಗೂ ಮಾಡಿದ ಉಪನ್ಯಾಸ)



ಎತ್ತು ಮೇವು ಬಿಟ್ಟರೆ ಒಕ್ಕಲಿಗನು ಅದರ ಬಾಯಿ, ಗೊರಸು, ಸಗಣಿಗಳನ್ನು ನೋಡಿ ರೋಗವನ್ನು ನಿಶ್ಚಯಿಸುತ್ತಾನೆ. ಹೊಟ್ಟೆಯನ್ನು ಕೊಯ್ದು ನೋಡುವುದಿಲ್ಲ. ಆದರೆ ಉಳುವ ಯಂತ್ರವು ನಿಂತಾಗ ಅದೇ ಒಕ್ಕಲಿಗನು ಸ್ಪ್ಯಾನರನ್ನು ಹಿಡಿದು ಮೊದಲು ಎಂಜಿನ್ನಿನ ಹೆಡ್ಡನ್ನೇ ಬಿಚ್ಚುವುದುಂಟು. ಮಳೆ ಬಿದ್ದು ನೆಲ ಹದವಾಗಿರುವ ನಾಲ್ಕು ದಿನಗಳು ಹೀಗೆ ವ್ಯರ್ಥವಾಗುತ್ತವೆ. ಡೀಸೆಲಿನಲ್ಲಿ ಸೇರಿದ ಸ್ವಲ್ಪ ನೀರಿನ ದೆಸೆಯಿಂದ ಪಿಸ್ಟನ್ನು, ಲೈನರುಗಳ ಬೆಲೆಯನ್ನು ತೆರಬೇಕಾಗುತ್ತದೆ. ಆದಕಾರಣ ಮೊದಲು ಪರೀಕ್ಷೆ, ಬಿಚ್ಚುವುದು ಆಮೇಲೆ ಎಂಬ ನಿಯಮವನ್ನು ಪ್ರತಿಯೊಬ್ಬ ಯಂತ್ರದ ಯಜಮಾನನೂ ಪಾಲಿಸತಕ್ಕದ್ದು.

ಯಂತ್ರದ ಸ್ವರೂಪ

ಇಲ್ಲಿ ಹೇಳುವುದು ಎರಡು ಚಕ್ರಗಳುಳ್ಳ, ಹಿಡಿಯನ್ನು ಹಿಡಿದು ನಡೆಸುವ ಪವರ್ ಟಿಲ್ಲರಿನ ಎಂಜಿನ್ನಿನ ವಿಷಯ. ಬೆಂಗಳೂರಿನಲ್ಲಿ 1967ರಲ್ಲಿ ಸ್ಥಾಪಿತವಾದ ವಿ. ಎಸ್. ಟಿ. ಸಂಸ್ಥೆಯು ಜಪಾನ್ ದೇಶದ ಮಿತ್ಸುಬಿಷಿ ಸಂಸ್ಥೆಯ ಸಹಕಾರದಿಂದ ಇಂಥ ಯಂತ್ರಗಳನ್ನು ತಯಾರಿಸಿದ್ದು ಅನೇಕರಿಗೆ ತಿಳಿದಿದೆ. ದೊಡ್ಡ ಟ್ರ್ಯಾಕ್ಟರು ತಿರುಗಲಾರದ ಸಣ್ಣ ಗದ್ದೆಗೂ ಅಡಕೆಯ ತೋಟಕ್ಕೂ ಇದು ಅನುಕೂಲವಾದದ್ದು. ಎಂಜಿನ್ನು ಒಂದೇ ಸಿಲಿಂಡರಿನದು, ನೀರಿನಿಂದ ತಣ್ಣಗಾಗುವಂಥದು.

ಇದರಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇರುವುದಿಲ್ಲ. ಜರ್ಮನಿಯ ರುಡಾಲ್ಫ್ ಡೀಸೆಲನು 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ನಡೆಸಿ ತೋರಿಸಿದ ತತ್ತ್ವದಂತೆ, ಒಳಗೆ ಬಂದ ಗಾಳಿಯನ್ನು ಪಿಸ್ಟನ್ನು ಸುಮಾರು ಹದಿನೈದರಿಂದ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಅದುಮುತ್ತದೆ. ಅದುಮಿದ ಗಾಳಿಯು 500 ಡಿಗ್ರಿ ಸೆಂಟಿಗ್ರೇಡಿಗೂ ಮೇಲೆ ಕಾಯುವುದರಿಂದ, ನಾಜಲಿನಿಂದ ಸಿಡಿದ ಡೀಸೆಲು ತಾನಾಗಿ ಹೊತ್ತಿಕೊಳ್ಳುತ್ತದೆ. ಆದುದರಿಂದ ಎಂಜಿನ್ನು ನಡೆಯಲು ಬೇಕಾದುವು ಮೂರು: ಶುದ್ಧವಾದ ಡೀಸೆಲು, ಸಾಕಷ್ಟು ಗಾಳಿ, ಸೋರದ ಒತ್ತಡ. ಪರೀಕ್ಷೆಯೂ ಇದೇ ಕ್ರಮದಲ್ಲಿ ನಡೆಯತಕ್ಕದ್ದು.

1. ಡೀಸೆಲು

ಟ್ಯಾಂಕಿನ ತಳದ ಡೀಸೆಲನ್ನು ಗಾಜಿನ ಸೀಸೆಗೆ ಹಿಡಿದು ಸ್ವಲ್ಪ ಹೊತ್ತು ಇಟ್ಟರೆ ನೀರೂ ಕಸವೂ ಅಡಿಗೆ ಇಳಿಯುತ್ತವೆ. ಅವು ಕಂಡರೆ ಟ್ಯಾಂಕನ್ನು ತೊಳೆದು ಫಿಲ್ಟರನ್ನು ಬದಲಾಯಿಸಬೇಕು. ಟ್ಯಾಂಕು ಪೂರ್ತಿ ಬರಿದಾದ ಮೇಲೆ ಕೊಳವೆಯಲ್ಲಿ ಗಾಳಿ ಸೇರಿಕೊಳ್ಳುವುದರಿಂದ ಡೀಸೆಲು ತುಂಬಿದರೂ ಎಂಜಿನ್ನು ಹತ್ತುವುದಿಲ್ಲ. ಆಗ ಫಿಲ್ಟರಿನ ಗಾಳಿತಿರುಪನ್ನು ಸಡಿಲಿಸಿ, ಗುಳ್ಳೆ ನಿಂತು ಡೀಸೆಲು ಒಂದೇ ಸಮನೆ ಹರಿಯುವವರೆಗೆ ಬಿಟ್ಟು ಬಿಗಿಯಬೇಕು. ಅನಂತರ ಪಂಪಿನಲ್ಲಿಯೂ ಹಾಗೆಯೇ ಮಾಡಬೇಕು. ನಾಜಲಿನಿಂದ ಡೀಸೆಲು ಸಿಡಿಯುವಾಗ ಅದರ ಮುಂದೆ ಕೈಯನ್ನು ಎಂದಿಗೂ ಇಡಬಾರದು. ಅದರ ವೇಗವು ಚರ್ಮವನ್ನು ತೂರಿ ಒಳಗೆ ಹೋಗುವಷ್ಟು. ಗಾಯ ಸಣ್ಣದಾಗಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.

2. ಗಾಳಿ ಮತ್ತು ಹೊಗೆ

ಹೊಗೆಯ ಬಣ್ಣವು ಎಂಜಿನ್ನಿನ ನಾಡಿಯಂತಿದೆ. ಕಪ್ಪು ಹೊಗೆ ಬಂದರೆ ಗಾಳಿ ಸಾಲದು, ಇಲ್ಲವೆ ಭಾರ ಹೆಚ್ಚು, ಇಲ್ಲವೆ ನಾಜಲು ಕೆಟ್ಟಿದೆ. ಮೊದಲು ಏರ್ ಕ್ಲೀನರನ್ನು ಬಿಚ್ಚಿ ತೊಳೆಯಬೇಕು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲು ಒಳಗೆ ಉರಿಯುತ್ತಿದೆ. ಆಯಿಲಿನ ಮಟ್ಟ ಹೆಚ್ಚಾಗಿಲ್ಲದಿದ್ದರೆ ಸಾಮಾನ್ಯವಾಗಿ ರಿಂಗುಗಳೋ ಲೈನರೋ ಸವೆದಿರುತ್ತವೆ. ಬಿಳಿ ಹೊಗೆ ನಿಲ್ಲದೆ ಬಂದರೆ ಡೀಸೆಲು ಪೂರ್ತಿ ಉರಿಯುತ್ತಿಲ್ಲ, ಅಥವಾ ನೀರು ಒಳಗೆ ಸೇರುತ್ತಿದೆ.

3. ಒತ್ತಡ

ಡೀಸೆಲನ್ನು ನಿಲ್ಲಿಸುವ ಸನ್ನೆಯನ್ನು ಮುಚ್ಚಿ, ಹ್ಯಾಂಡಲಿನಿಂದ ಮೆಲ್ಲಗೆ ತಿರುಗಿಸಿದರೆ ಒಂದು ಕಡೆ ಕೈಗೆ ಗಟ್ಟಿಯಾದ ತಡೆ ಸಿಕ್ಕಬೇಕು. ತಡೆಯಿಲ್ಲದೆ ಸುತ್ತಿದರೆ ಒತ್ತಡ ಸೋರುತ್ತಿದೆ ಎಂದು ತಿಳಿಯಬೇಕು. ಎಲ್ಲಿ ಸೋರುತ್ತಿದೆಯೆಂಬುದನ್ನು ಬಿಚ್ಚದೆಯೇ ತಿಳಿಯಬಹುದು. ಒಬ್ಬನು ತಡೆ ಸಿಕ್ಕಬೇಕಾದ ಸ್ಥಳದಲ್ಲಿ ಹ್ಯಾಂಡಲನ್ನು ಒತ್ತಿ ಹಿಡಿಯಲಿ, ಇನ್ನೊಬ್ಬನು ಕಿವಿಗೊಡಲಿ. ಹೊಗೆಕೊಳವೆಯಲ್ಲಿ ಸುಯ್ಯೆಂಬ ಸದ್ದಾದರೆ ಹೊಗೆಯ ವಾಲ್ವು, ಏರ್ ಕ್ಲೀನರಿನಲ್ಲಿ ಸದ್ದಾದರೆ ಗಾಳಿಯ ವಾಲ್ವು, ಆಯಿಲು ಹಾಕುವ ಬಾಯಿಯಲ್ಲಿ ಸದ್ದಾದರೆ ರಿಂಗು ಅಥವಾ ಲೈನರು, ನೀರಿನಲ್ಲಿ ಗುಳ್ಳೆ ಎದ್ದರೆ ಹೆಡ್ಡಿನ ಗ್ಯಾಸ್ಕೆಟ್ಟು ಎಂದು ತಿಳಿಯಬೇಕು. ವಾಲ್ವಿನ ಸೋರಿಕೆ ಎಂದು ಕಂಡರೆ ಅದರ ಸಂದನ್ನು ಮೊದಲು ಸರಿಪಡಿಸಿ ನೋಡತಕ್ಕದ್ದು. ಹಲವು ವೇಳೆ ಅಷ್ಟರಿಂದಲೇ ಕೆಲಸ ಮುಗಿಯುತ್ತದೆ.

ಪುನರ್ಜೋಡಣೆ

ಬಿಚ್ಚಲೇಬೇಕಾದಾಗ ಹೊರಗಿನ ಮಣ್ಣನ್ನು ಪೂರ್ತಿಯಾಗಿ ತೊಳೆದು, ಗಾಳಿ ಧೂಳಿಲ್ಲದ ಕಡೆ ಶುದ್ಧವಾದ ಬಟ್ಟೆಯ ಮೇಲೆ ಭಾಗಗಳನ್ನು ಬಿಚ್ಚಿದ ಕ್ರಮದಲ್ಲಿಯೇ ಜೋಡಿಸಿಡಬೇಕು. ಹಲ್ಲುಚಕ್ರಗಳ ಗುರುತುಗಳನ್ನು ತೆಗೆಯುವ ಮೊದಲೇ ನೋಡಿಕೊಳ್ಳಬೇಕು. ಒಂದು ಹಲ್ಲು ತಪ್ಪಿ ಕೂಡಿಸಿದರೂ ಎಂಜಿನ್ನು ಸರಿಯಾಗಿ ನಡೆಯದು.

ಅತಿ ಸಾಮಾನ್ಯವಾದ ತಪ್ಪು ಯಾವುದೆಂದರೆ, ಸವೆದ ಲೈನರಿಗೆ ಹೊಸ ರಿಂಗುಗಳನ್ನು ಹಾಕಿ ಹಣ ಉಳಿಯಿತೆಂದು ತಿಳಿಯುವುದು. ಲೈನರು ಎಲ್ಲ ಕಡೆಯೂ ಸಮನಾಗಿ ಸವೆಯುವುದಿಲ್ಲ. ಹೆಡ್ಡಿನ ಕಡೆ, ಮೊದಲನೆಯ ರಿಂಗು ತಿರುಗಿ ಬರುವ ಸ್ಥಳದಲ್ಲಿ ಹೆಚ್ಚಾಗಿ ಸವೆದು ಅಂಚು ಏಳುತ್ತದೆ. ಹೊಸ ರಿಂಗು ಆ ಅಂಚಿಗೆ ಬಡಿದು ಮುರಿಯಬಹುದು. ಆದಕಾರಣ ಲೈನರನ್ನು ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಅಳತೆ ಮಾಡಿಸಬೇಕು. ರಿಂಗನ್ನು ಲೈನರಿನೊಳಗೆ ನೆಟ್ಟಗೆ ಕೂರಿಸಿ ಅದರ ತುದಿಗಳ ನಡುವಿನ ಸಂದನ್ನೂ ಅಳೆಯಬೇಕು. ತಯಾರಕರ ಕೈಪಿಡಿಯಲ್ಲಿ ಹೇಳಿದ ಮಿತಿಯನ್ನು ಮೀರಿದ್ದರೆ ಲೈನರನ್ನು ಬದಲಾಯಿಸುವುದೇ ಉಳಿತಾಯ. ರಿಂಗುಗಳ ಸಂದುಗಳು ಒಂದರ ನೇರಕ್ಕೆ ಒಂದು ಬರಬಾರದು. ವಾಲ್ವುಗಳನ್ನು ಅರೆದ ಬಳಿಕ ಅರೆಯುವ ಪೇಸ್ಟಿನ ಲೇಶವೂ ಉಳಿಯದಂತೆ ತೊಳೆಯತಕ್ಕದ್ದು. ಗ್ಯಾಸ್ಕೆಟ್ಟು ಹೊಸದೇ ಆಗಿರಬೇಕು. ಹೆಡ್ಡಿನ ನಟ್ಟುಗಳನ್ನು ಎದುರುಬದುರಾಗಿ, ಎರಡು ಮೂರು ಸಾರಿ ಸ್ವಲ್ಪ ಸ್ವಲ್ಪವೇ, ಅಳತೆಯ ಸ್ಪ್ಯಾನರಿನಿಂದ ಬಿಗಿಯಬೇಕು. ನಾಜಲನ್ನು ಅದನ್ನು ಪರೀಕ್ಷಿಸುವ ಯಂತ್ರವಿರುವ ಕಡೆಗೇ ಒಯ್ಯಬೇಕು. ಹೊಸದಾಗಿ ಜೋಡಿಸಿದ ಎಂಜಿನ್ನಿಗೆ ಮೊದಲು ಭಾರ ಕೊಡದೆ, ಆಮೇಲೆ ಹಗುರವಾದ ಕೆಲಸ ಕೊಟ್ಟು, ಮೊದಲ ಆಯಿಲನ್ನು ಬೇಗ ಬದಲಾಯಿಸತಕ್ಕದ್ದು.

ಮೂಲಕಾರಣ

ರಿಂಗನ್ನೂ ಲೈನರನ್ನೂ ತಿನ್ನುವ ಮುಖ್ಯ ಶತ್ರು ಧೂಳು. ಏರ್ ಕ್ಲೀನರಿನ ಮೂಲಕ ನುಸುಳಿದ ಧೂಳು ಆಯಿಲಿನೊಡನೆ ಬೆರೆತು ಸಾಣೆಯ ಹುಡಿಯಂತೆ ಕೆಲಸ ಮಾಡುತ್ತದೆ. ಅದನ್ನು ಶುದ್ಧವಾಗಿಡದೆ ಎಂಜಿನ್ನನ್ನು ಎಷ್ಟು ಸಾರಿ ಕಟ್ಟಿದರೂ ತೂತಿನ ಕೊಡಕ್ಕೆ ನೀರು ಹೊಯ್ದಂತೆಯೇ. ಒಣ ಭೂಮಿಯಲ್ಲಿ ಕೆಲಸ ಮಾಡಿಸುವವರು ಇದನ್ನು ದಿನದಿನವೂ ನೋಡಬೇಕು.

ಗ್ರಾಮಮುಖಂಡರು ಮಾಡಬಹುದಾದದ್ದು

ಲೈನರನ್ನು ಅಳೆಯುವ ಸಾಧನ, ಅಳತೆಯ ಸ್ಪ್ಯಾನರು ಮುಂತಾದುವನ್ನು ಒಬ್ಬೊಬ್ಬ ರೈತನೂ ಕೊಳ್ಳಬೇಕಾಗಿಲ್ಲ. ಗ್ರಾಮದ ಸಹಕಾರ ಸಂಘದಲ್ಲಿ ಒಂದೊಂದಿದ್ದರೆ ಊರಿಗೆಲ್ಲ ಸಾಲುತ್ತದೆ. ಪ್ರತಿಯೊಂದು ಯಂತ್ರಕ್ಕೂ ಒಂದು ಪುಸ್ತಕವನ್ನಿಟ್ಟು, ನಡೆದ ಗಂಟೆ, ಆಯಿಲು ಬದಲಾಯಿಸಿದ ದಿನ, ಹಾಕಿದ ಭಾಗ ಇವುಗಳನ್ನು ಬರೆಯಿಸುವುದು ಲೇಸು. ಬಿತ್ತನೆಗೆ ಒಂದು ತಿಂಗಳ ಮೊದಲೇ ಊರಿನ ಯಂತ್ರಗಳನ್ನೆಲ್ಲ ಮೇಲಿನ ಕ್ರಮದಲ್ಲಿ ಪರೀಕ್ಷಿಸಿದರೆ, ಹದ ಬಂದ ದಿನ ನೇಗಿಲು ನಿಲ್ಲುವ ಪ್ರಸಂಗ ಬಹುಮಟ್ಟಿಗೆ ತಪ್ಪುವುದು.