ಕುವೈತ್ ಬಿಟ್ಟು ಬಂದ ಮಕ್ಕಳು

ರಸ್ತೆಗಳ ವಿಚಾರವನ್ನು ನೆಲಮಂಗಲದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುಂಬೈ, ಹುಬ್ಬಳ್ಳಿ, ತುಮಕೂರು ದಾಟಿ ಬರುವ ಹೆದ್ದಾರಿ, ಮಂಗಳೂರಿನಿಂದ ಹಾಸನ, ಕುಣಿಗಲ್ ಮೇಲೆ ಬರುವ ಹೆದ್ದಾರಿ, ಎರಡೂ ಕೂಡುವುದು ಇದೇ ಊರಿನಲ್ಲಿ. ಈ ಹೊತ್ತಿನ ಮಾತು ಕೂಡ ರಸ್ತೆಯದೇ. ಬಾಗ್ದಾದ್, ಅಮ್ಮಾನ್‌ಗಳ ಮೇಲೆ ಹಾದು ನಮ್ಮ ಜಿಲ್ಲೆಗಳಿಗೆ ಬಂದು ಮುಟ್ಟಿದ ರಸ್ತೆ ಅದು.

ಯುದ್ಧಕಾಲದಲ್ಲಿ ಮಕ್ಕಳ ಸ್ಥಳಾಂತರ ಎಂದ ಕೂಡಲೇ ಓದಿದವರಿಗೆ ನೆನಪಾಗುವುದು 1939ರ ಸೆಪ್ಟೆಂಬರ್‌ನ ಇಂಗ್ಲೆಂಡ್. ಬಾಂಬಿನ ಭಯಕ್ಕೆ ಮೊದಲ ಕೆಲವೇ ದಿನಗಳಲ್ಲಿ ಸುಮಾರು 15 ಲಕ್ಷ ಜನರನ್ನು ನಗರಗಳಿಂದ ಹಳ್ಳಿಗಳಿಗೆ ಸಾಗಿಸಿದರು. ಅವರಲ್ಲಿ ಹೆಚ್ಚಿನವರು ಶಾಲಾ ಮಕ್ಕಳು. ಕೋಟಿಗೆ ಹೆಸರಿನ ಚೀಟಿ, ಹೆಗಲಿಗೆ ಗ್ಯಾಸ್ ಮಾಸ್ಕಿನ ಪೆಟ್ಟಿಗೆ, ಜೊತೆಗೆ ಅಪ್ಪ ಅಮ್ಮ ಇಲ್ಲ. ಅಷ್ಟು ದೂರ ಹೋಗಬೇಕಾಗಿಲ್ಲ. ಕರ್ನಾಟಕದ ಕರಾವಳಿಯ ಎಷ್ಟೋ ಮನೆಗಳಲ್ಲಿ ಇಂಥದೇ ಕಥೆ 1990ರಿಂದ ಕೂತಿದೆ.

ಆ ವರ್ಷ ಆಗಸ್ಟ್ 2ರ ನಸುಕಿನಲ್ಲಿ ಇರಾಕಿನ ಸದ್ದಾಂ ಹುಸೇನ್ ಸೈನ್ಯ ಕುವೈತ್‌ಗೆ ನುಗ್ಗಿತು. ಆಗ ಅಲ್ಲಿದ್ದ ಭಾರತೀಯರು ಸುಮಾರು 1,70,000. ಕೇರಳದವರ ಸಂಖ್ಯೆ ದೊಡ್ಡದು, ನಿಜ. ಆದರೆ ದಕ್ಷಿಣ ಕನ್ನಡದವರೂ ಕಡಿಮೆ ಇರಲಿಲ್ಲ. ಉಡುಪಿ ಆಗಿನ್ನೂ ಅದೇ ಜಿಲ್ಲೆಯೊಳಗಿತ್ತು, ಬೇರೆಯಾದದ್ದು 1997ರಲ್ಲಿ. ಕಚೇರಿ ಗುಮಾಸ್ತರು, ನರ್ಸುಗಳು, ಚಾಲಕರು, ಹೋಟೆಲಿನವರು ಎಲ್ಲರೂ ಇದ್ದರು. ಹೆಂಡತಿ ಮಕ್ಕಳನ್ನು ಕರೆಸಿಕೊಂಡು ಸಂಸಾರ ಹೂಡಿದವರೂ ಇದ್ದರು.

ಇಲ್ಲೊಂದು ಸಂಗತಿಯನ್ನು ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ. ಆಗಸ್ಟ್ ಎಂದರೆ ಕೊಲ್ಲಿಯಲ್ಲಿ ಶಾಲೆಗೆ ಬೇಸಿಗೆ ರಜೆ. ಹೀಗಾಗಿ ಕೆಲವು ಮಕ್ಕಳು ಅಮ್ಮನ ಜೊತೆ ಊರಿಗೆ ಬಂದು ಅಜ್ಜಿ ಮನೆಯಲ್ಲಿದ್ದರು, ಅಪ್ಪ ಮಾತ್ರ ಅಲ್ಲಿ ಸಿಕ್ಕಿಬಿದ್ದಿದ್ದರು. ಫೋನ್ ಸಂಪರ್ಕ ಕಡಿದಿತ್ತು. ಆ ಮಕ್ಕಳ ಪಾಲಿಗೆ ಯುದ್ಧ ಎಂದರೆ ರೇಡಿಯೊ ವಾರ್ತೆಯ ಹೊತ್ತಿಗೆ ಮನೆಯವರೆಲ್ಲ ಮಾತು ನಿಲ್ಲಿಸುತ್ತಿದ್ದದ್ದು. ಇನ್ನು ಕೆಲವರು ಅಲ್ಲೇ ಇದ್ದರು. ಅವರದು ಬಸ್ಸಿನ ಕಥೆ. ಎರಡನ್ನೂ ಒಂದೇ ಹೆಸರಿನಲ್ಲಿ ಕರೆದರೆ ತಪ್ಪಾಗುತ್ತದೆ.

ಬಸ್ಸು ಕುವೈತ್‌ನಿಂದ ಬಸ್ರಾಕ್ಕೆ, ಅಲ್ಲಿಂದ ಬಾಗ್ದಾದ್‌ಗೆ, ಮತ್ತೆ ಮರುಭೂಮಿ ಹಾದು ಜೋರ್ಡಾನ್ ಗಡಿಗೆ. ಅಮ್ಮಾನ್ ಮುಟ್ಟುವಾಗ ಸುಮಾರು ಒಂದೂವರೆ ಸಾವಿರ ಕಿಲೋಮೀಟರ್. ಕೈಯಲ್ಲಿದ್ದ ಕುವೈತಿ ದಿನಾರನ್ನು ಇರಾಕ್ ತನ್ನ ದಿನಾರಿಗೆ ಸಮ ಎಂದು ಘೋಷಿಸಿದ್ದರಿಂದ ವರ್ಷಗಳ ಉಳಿತಾಯ ರಾತ್ರೋರಾತ್ರಿ ಕರಗಿತ್ತು. ದಾರಿಗೆ ಕುಬ್ಬೂಸ್ ರೊಟ್ಟಿ, ಡಬ್ಬಿಯ ಆಹಾರ, ಸಿಕ್ಕಷ್ಟು ನೀರು. ಇರಾಕ್ ಮತ್ತು ಜೋರ್ಡಾನ್ ನಡುವೆ ಯಾರಿಗೂ ಸೇರದ ಬಯಲಿನಲ್ಲಿ ಶಾಲಾನ್ ಎಂಬ ಡೇರೆ ಶಿಬಿರವಿತ್ತು. ಹಗಲು ಕೆಂಡದಂಥ ಬಿಸಿಲು, ಮುಖಕ್ಕೆ ಮರಳು, ನೀರಿನ ಟ್ಯಾಂಕರ್ ಬಂದರೆ ನೂಕುನುಗ್ಗಲು. ಏಷ್ಯಾದ ಹಲವು ದೇಶಗಳ ಕೆಲಸಗಾರರು ಅಲ್ಲಿ ಸರದಿಗಾಗಿ ಕಾದರು.

ಭಾರತದ ಆಗಿನ ವಿದೇಶಾಂಗ ಸಚಿವ ಐ. ಕೆ. ಗುಜ್ರಾಲ್ ಬಾಗ್ದಾದ್‌ಗೆ ಹೋಗಿ ಸದ್ದಾಂರನ್ನು ಕಂಡರು. ಸದ್ದಾಂ ಗುಜ್ರಾಲರನ್ನು ತಬ್ಬಿಕೊಂಡ ಚಿತ್ರಕ್ಕೆ ಟೀಕೆಯೂ ಬಂತು. ಜನ ಬಂದರು ಎಂಬುದಂತೂ ಸತ್ಯ. ಏರ್ ಇಂಡಿಯಾ ಮುಂದಾಳತ್ವದಲ್ಲಿ ಆಗಸ್ಟ್ ಮಧ್ಯದಿಂದ ಅಕ್ಟೋಬರ್ 11ರವರೆಗೆ 488 ಹಾರಾಟ, 1,11,000ಕ್ಕೂ ಹೆಚ್ಚು ಜನ. ಗಿನ್ನೆಸ್ ದಾಖಲೆಗೂ ಸೇರಿತು. 2016ರ ‘ಏರ್‌ಲಿಫ್ಟ್’ ಸಿನಿಮಾ ಒಬ್ಬ ಉದ್ಯಮಿಯನ್ನು ನಾಯಕ ಮಾಡಿತು. ಅಲ್ಲಿ ಸರ್ಕಾರವನ್ನು ತೋರಿಸಿದ ರೀತಿಗೆ ವಿದೇಶಾಂಗ ಸಚಿವಾಲಯವೇ ಆಕ್ಷೇಪ ಎತ್ತಿತು. ಯಾರು ದೊಡ್ಡವರು ಎಂಬ ಜಗಳದಲ್ಲಿ ಬಸ್ಸಿನ ಹಿಂದಿನ ಸೀಟಿನ ಮಕ್ಕಳನ್ನು ಯಾರೂ ಕೇಳಲಿಲ್ಲ.

ವಿಮಾನ ಇಳಿದದ್ದು ಮುಂಬೈಯಲ್ಲಿ. ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ. ಹಾಗಾಗಿ 1990ರಲ್ಲಿ ಕರಾವಳಿಗೆ ಹೋಗುವವರಿಗೆ ಮತ್ತೊಂದು ದಿನದ ಬಸ್ಸು ಪ್ರಯಾಣ.

ಮನೆ ಮುಟ್ಟಿದ ಮೇಲಿನ ಕಷ್ಟವೇ ಬೇರೆ. ಇಲ್ಲಿ ಶಾಲೆ ಜೂನ್‌ನಲ್ಲೇ ಶುರುವಾಗಿತ್ತು. ಟಿಸಿ ತರಲು ಅಲ್ಲಿನ ಶಾಲೆ ತೆರೆದಿರಲಿಲ್ಲ. ಇಂಗ್ಲಿಷ್ ಮಾಧ್ಯಮದ ಸಿಬಿಎಸ್‌ಇಯಲ್ಲಿ ಓದಿ, ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡಿದ ಹುಡುಗನಿಗೆ ಕನ್ನಡ ಪಾಠ ಓದುವುದೇ ಪರೀಕ್ಷೆ. ‘ಗಲ್ಫಿನವರು’ ಎಂದರೆ ದುಡ್ಡಿದ್ದವರು ಎಂದೇ ಊರು ನಂಬಿತ್ತು. ಬರಿಗೈಯಲ್ಲಿ ಬಂದ ಗಲ್ಫಿನವರ ಮಗನನ್ನು ಹೇಗೆ ಮಾತಾಡಿಸಬೇಕೆಂದು ತರಗತಿಗೂ ಗೊತ್ತಿರಲಿಲ್ಲ.

ಆಮೇಲೆ ಪರಿಹಾರದ ಅರ್ಜಿಗಳ ಕಾಲ. ವಿಶ್ವಸಂಸ್ಥೆ 1991ರಲ್ಲಿ ಪರಿಹಾರ ಆಯೋಗ ರಚಿಸಿತು. ಇರಾಕ್ ಇಲ್ಲವೇ ಕುವೈತ್ ತೊರೆಯಬೇಕಾಗಿ ಬಂದವರಿಗೆ ತಲಾ 2,500 ಡಾಲರ್, ಇಡೀ ಕುಟುಂಬಕ್ಕೆ 5,000. ಬೇರೆ ಬಾಬ್ತುಗಳಲ್ಲಿ ಕೇಳುವುದಿಲ್ಲ ಎಂದು ಒಪ್ಪಿದರೆ 4,000 ಮತ್ತು 8,000. ಮಕ್ಕಳು ಎರಡಿರಲಿ, ನಾಲ್ಕಿರಲಿ, ಕುಟುಂಬದ ಮೊತ್ತ ಅಷ್ಟೇ. ಇರಾಕಿನ ತೈಲದ ಹಣದಿಂದ ಒಟ್ಟು 5,240 ಕೋಟಿ ಡಾಲರ್ ಹಂಚಿ, 2022ರಲ್ಲಿ ಆ ಲೆಕ್ಕ ಮುಗಿಯಿತು.

ಮರುವರ್ಷವೇ ಇನ್ನೊಂದು ಯುದ್ಧ ಕನ್ನಡದ ಮನೆಗಳಿಗೆ ತಟ್ಟಿತು. 2023ರ ಏಪ್ರಿಲ್ 15ರಂದು ಸುಡಾನ್‌ನಲ್ಲಿ ಕಾಳಗ ಶುರುವಾದಾಗ, ಗಿಡಮೂಲಿಕೆ ಔಷಧಿ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರು ಅಲ್ಲಿನ ಎಲ್ ಫಾಶರ್‌ನಲ್ಲಿ ಸಿಕ್ಕಿಕೊಂಡರು. ಪೋರ್ಟ್ ಸುಡಾನ್, ಜೆದ್ದಾ ದಾರಿಯ ಆ ಕಾರ್ಯಾಚರಣೆಗೆ ಸರ್ಕಾರ ಇಟ್ಟ ಹೆಸರು ‘ಕಾವೇರಿ’. ಅವರ ಕೈಯಲ್ಲಿ ಮೊಬೈಲ್ ಇತ್ತು. ಅಲ್ಲಿನ ಪಾಡು ವಿಡಿಯೊ ಆಗಿ ಊರಿಗೆ ಬಂತು. ಕುವೈತ್‌ನ ಮಕ್ಕಳ ಹತ್ತಿರ ಅಂಥದ್ದೇನೂ ಇಲ್ಲ. ಎಷ್ಟೋ ಮನೆಗಳಲ್ಲಿ ಫೋಟೊ ಆಲ್ಬಮ್ ಕೂಡ ಅಲ್ಲೇ ಉಳಿಯಿತು.

ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ತನ್ನ ದೇಶದ ಸ್ಥಳಾಂತರಗೊಂಡ ಮಕ್ಕಳ ಮಾತನ್ನು ಅವರು ದೊಡ್ಡವರಾದ ಮೇಲೆ ಧ್ವನಿಮುದ್ರಿಸಿ ಇಟ್ಟುಕೊಂಡಿದೆ. ಇಲ್ಲಿ ಅದಕ್ಕೆ ಮ್ಯೂಸಿಯಂ ಬೇಕಾಗಿಲ್ಲ, ಫೋನ್ ಸಾಕು. 1990ರಲ್ಲಿ ಎಂಟು ಹತ್ತು ವರ್ಷದವರಾಗಿದ್ದವರಿಗೆ ಈಗ ನಲವತ್ತು ದಾಟಿದೆ, ಅವರ ಅಪ್ಪ ಅಮ್ಮನಿಗೆ ಎಪ್ಪತ್ತರ ಸುಮಾರು. ಮಾತಾಡಿಸುವವರು ಅವರನ್ನು ಬೇರೆ ಬೇರೆಯಾಗಿ ಕೂರಿಸಬೇಕು. ಒಟ್ಟಿಗೆ ಕೂರಿಸಿದರೆ ಅಪ್ಪನೇ ಮಾತಾಡುತ್ತಾರೆ, ಅದೂ ದಿನಾರಿನ ಲೆಕ್ಕ.