ಗೇಮ್ ಆಡಿ ತೋರಿಸುವ ಕೆಲಸಕ್ಕೆ ಸಂಘದ ಸಾಲ ಕೊಡಬಹುದೇ?

ಒಕ್ಕೂಟದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ



ನಮ್ಮ ಸಂಘಗಳಲ್ಲಿ ಸಾಲ ಅಂದ್ರೆ ಎಮ್ಮೆಗೆ, ಹೊಲಿಗೆ ಯಂತ್ರಕ್ಕೆ, ಮಗಳ ಫೀಸಿಗೆ ಅಂತ ಇತ್ತು. ಈಗ ಹೊಸ ಥರದ ಬೇಡಿಕೆ ಬರ್ತಾ ಇದೆ. “ಮಗನಿಗೆ ಕಂಪ್ಯೂಟರ್ ಬೇಕಂತೆ, ಯೂಟ್ಯೂಬಿನಲ್ಲಿ ಗೇಮ್ ಆಡಿ ತೋರಿಸಿದ್ರೆ ದುಡ್ಡು ಬರ್ತದಂತೆ” ಅಂತ ಸದಸ್ಯೆಯರು ಕೇಳ್ತಾರೆ. ಕೇಳಿದ ಕೂಡಲೇ ಕೆಲವರು ನಗ್ತಾರೆ, ಕೆಲವರು ಬಯ್ತಾರೆ. ಎರಡೂ ಬೇಡ. ಇದೂ ಒಂದು ಉದ್ಯೋಗವೇ. ಆದರೆ ಎಮ್ಮೆಗೆ ಸಾಲ ಕೊಡುವಾಗ ಹಾಲು ಎಷ್ಟು, ಮೇವು ಎಲ್ಲಿಂದ, ಡೇರಿ ಎಷ್ಟು ದೂರ ಅಂತ ಕೇಳುವ ನಾವು ಇದಕ್ಕೂ ಅಷ್ಟೇ ಪ್ರಶ್ನೆ ಕೇಳಬೇಕು.

ಮೊದಲು ಈ ಕೆಲಸ ಏನು ಅಂತ ತಿಳಿಯೋಣ. ಹುಡುಗನೋ ಹುಡುಗಿಯೋ ಮೊಬೈಲಿನಲ್ಲಿ ಅಥವಾ ಕಂಪ್ಯೂಟರಿನಲ್ಲಿ ಗೇಮ್ ಆಡುತ್ತಾ ಮಾತಾಡ್ತಾರೆ. ಅದೇ ಹೊತ್ತಿಗೆ ಬೇರೆ ಬೇರೆ ಊರಿನವರು ಅದನ್ನು ನೋಡ್ತಾರೆ, ಬರೆದು ಪ್ರಶ್ನೆ ಕೇಳ್ತಾರೆ, ತಮಾಷೆ ಮಾಡ್ತಾರೆ. ಕ್ರಿಕೆಟ್ ಕಾಮೆಂಟರಿಯ ಹಾಗೇ, ಆದರೆ ಇಲ್ಲಿ ಆಡುವವನೂ ಹೇಳುವವನೂ ಒಬ್ಬನೇ. ಇದಕ್ಕೆ ಸ್ಟ್ರೀಮಿಂಗ್ ಅಂತಾರೆ. ಅಮೆರಿಕದಲ್ಲಿ 2011ರಲ್ಲಿ ಟ್ವಿಚ್ ಎಂಬ ತಾಣ ಇದಕ್ಕಾಗಿಯೇ ಶುರುವಾಯಿತು. 2014ರಲ್ಲಿ ಅಮೆಜಾನ್ ಕಂಪನಿ ಅದನ್ನು ಸುಮಾರು 97 ಕೋಟಿ ಡಾಲರಿಗೆ ಕೊಂಡುಕೊಂಡಿತು. ನಮ್ಮ ದೇಶದ ಮಕ್ಕಳು ಹೆಚ್ಚಾಗಿ ಮಾಡುವುದು ಯೂಟ್ಯೂಬಿನಲ್ಲಿ. ಹಾಗಾಗಿ ಅದರ ಲೆಕ್ಕವನ್ನೇ ನೋಡೋಣ.

ಜಾಹೀರಾತಿನ ಹಣದಲ್ಲಿ ಪಾಲು ಸಿಗಬೇಕಾದರೆ ಆ ಚಾನೆಲ್ಲಿಗೆ 1000 ಚಂದಾದಾರರು ಇರಬೇಕು, ಮತ್ತು ಹಿಂದಿನ 12 ತಿಂಗಳಲ್ಲಿ ಜನ ಒಟ್ಟು 4000 ಗಂಟೆ ನೋಡಿರಬೇಕು. ಚಿಕ್ಕ ವಿಡಿಯೋಗಳಿಗೆ ಬೇರೆ ಲೆಕ್ಕ ಇದೆ, ಅದು ಇಲ್ಲಿ ಬೇಡ. 4000 ಗಂಟೆ ಅಂದ್ರೆ ಎಷ್ಟು? ನಿಮ್ಮ ಮಗ ದಿನಕ್ಕೆ 2 ಗಂಟೆ ಪ್ರಸಾರ ಮಾಡ್ತಾನೆ, 10 ಜನ ಪೂರ್ತಿ ಕೂತು ನೋಡ್ತಾರೆ ಅಂತ ಇಟ್ಟುಕೊಳ್ಳಿ. ಅಲ್ಲಿಗೆ 20 ಗಂಟೆ ಆಯಿತು. 4000 ಮುಟ್ಟಲು ಅಂಥಾ 200 ದಿನ ಬೇಕು. ವಾರಕ್ಕೆ 5 ದಿನ ಬಿಡದೆ ಮಾಡಿದರೂ 40 ವಾರ. ಹೊಸಬರಿಗೆ 10 ಜನ ಪೂರ್ತಿ ಕೂತು ನೋಡುವುದೇ ದೊಡ್ಡ ಮಾತು, ಮೊದಲ ತಿಂಗಳುಗಳಲ್ಲಿ ಇಬ್ಬರು ಮೂವರು ಇದ್ದರೆ ಪುಣ್ಯ.

ಅದು ದಾಟಿದ ಮೇಲೆ ಜಾಹೀರಾತಿನ ಹಣದಲ್ಲಿ ನೂರಕ್ಕೆ 55 ಪಾಲು ಚಾನೆಲ್ಲಿನವರಿಗೆ. ನೋಡುವವರು ಪ್ರೀತಿಯಿಂದ ಕೊಡುವ ಕಾಸಿಗೆ ಸೂಪರ್ ಚಾಟ್ ಅಂತಾರೆ, ಅದರಲ್ಲಿ 70 ಪಾಲು. ಇದಕ್ಕೆ ಸ್ವಲ್ಪ ಮುಂಚೆ, 500 ಚಂದಾದಾರರು ಆದಾಗಲೇ ಬೇರೆ ಕೆಲವು ಷರತ್ತಿನ ಮೇಲೆ ಅವಕಾಶ ಇದೆ. ಆದರೆ ಗಳಿಕೆ 100 ಡಾಲರ್ ತುಂಬುವ ತನಕ ಬ್ಯಾಂಕಿಗೆ ಹಣ ಬರುವುದಿಲ್ಲ. ಇನ್ನೊಂದು ವಿಷಯ, ಅಮೆರಿಕದ ತೆರಿಗೆ ಫಾರಂ ತುಂಬಿಸದಿದ್ದರೆ ಒಟ್ಟು ಗಳಿಕೆಯ ನೂರಕ್ಕೆ 24ರವರೆಗೆ ಹಿಡಿದುಕೊಳ್ಳಬಹುದು. ಫಾರಂ ತುಂಬಿಸುವುದಕ್ಕೆ ಖರ್ಚಿಲ್ಲ, ಆದರೂ ಎಷ್ಟೋ ಮಕ್ಕಳು ತುಂಬುವುದಿಲ್ಲ.

ಈಗ ನಮ್ಮ ಲೆಡ್ಜರಿಗೆ ಬನ್ನಿ. ಸಾಲದ ಕಂತು ಮುಂದಿನ ತಿಂಗಳಿಂದಲೇ ಶುರು. ಈ ಕೆಲಸದ ಆದಾಯ ಬಂದರೂ ವರ್ಷದ ನಂತರ. ನಡುವಿನ ಕಂತು ಕಟ್ಟುವವರು ಯಾರು? ತಾಯಿ. ಬೀಡಿ ಕಟ್ಟಿಯೋ ಕೂಲಿ ಮಾಡಿಯೋ ಕಟ್ಟುವವಳು ಅವಳು. ಹಾಗಾಗಿ ಸಾಲದ ಅರ್ಜಿಯಲ್ಲಿ “ಸ್ಟ್ರೀಮಿಂಗಿನ ಆದಾಯದಿಂದ ತೀರಿಸುತ್ತೇವೆ” ಅಂತ ಬರೆದಿದ್ದರೆ ಒಪ್ಪಬೇಡಿ. ತೀರಿಸಲು ಬೇರೆ ಆದಾಯ ಇದೆಯೇ ಅಂತ ಕೇಳಿ, ಅದನ್ನು ನಿರ್ಣಯ ಪುಸ್ತಕದಲ್ಲಿ ಬರೆಯಿರಿ.

“ಇಂಥವರು ಕೋಟಿ ಮಾಡಿದ್ದಾರೆ” ಅಂತ ಮಕ್ಕಳು ಹೆಸರು ಹೇಳ್ತಾರೆ. ಸುಳ್ಳಲ್ಲ. ಮಧ್ಯಪ್ರದೇಶದ ಛಿಂದ್ವಾಡಾ ಕಡೆಯ ಪಾಯಲ್ ಧಾರೆ ಎಂಬ ಹೆಣ್ಣುಮಗಳು ಗೇಮಿಂಗ್ ಚಾನೆಲ್ಲಿನಿಂದ ದೇಶಕ್ಕೆಲ್ಲ ಗೊತ್ತಾದರು. 2024ರ ಏಪ್ರಿಲಿನಲ್ಲಿ ಪ್ರಧಾನಿಯವರು ಗೇಮ್ ಆಡುವ ಏಳು ಮಂದಿಯನ್ನು ಕರೆದು ಮಾತಾಡಿದಾಗ ಅವರಲ್ಲಿ ಇದ್ದ ಒಬ್ಬಳೇ ಹೆಣ್ಣುಮಗಳು ಇವರು. ಸಂತೋಷದ ಸಂಗತಿ. ಆದರೆ 2021ರ ಅಕ್ಟೋಬರಿನಲ್ಲಿ ಟ್ವಿಚ್‌ನ ಲೆಕ್ಕಪತ್ರ ಸೋರಿಕೆಯಾದಾಗ ಮೇಲಿನ ಕೆಲವರಿಗೆ ಲಕ್ಷಾಂತರ ಡಾಲರ್, ಕೆಳಗಿನ ಬಹುಪಾಲು ಜನರಿಗೆ ಚಿಲ್ಲರೆ ಅಂತ ಜಗತ್ತಿಗೇ ಕಾಣಿಸಿತು. ಸಿನಿಮಾ ಹಾಗೇ ಅಲ್ವಾ? ಹೀರೋ ಕಾಣಿಸ್ತಾನೆ, ಹಿಂದೆ ನಿಂತವರು ಕಾಣಿಸುವುದಿಲ್ಲ.

ಇನ್ನೊಂದು ಅಪಾಯ ಒಂದೇ ಗೇಮನ್ನು ನಂಬಿಕೊಳ್ಳುವುದು. ಪಬ್‌ಜಿ ಗೊತ್ತಲ್ಲ, ಮನೆಮನೆಯಲ್ಲೂ ಅದೇ ಗಲಾಟೆ ಇತ್ತು. 2020ರ ಸೆಪ್ಟೆಂಬರ್ 2ರಂದು ಸರ್ಕಾರ ಅದನ್ನು ನಿಷೇಧಿಸಿತು. 2021ರ ಜುಲೈಯಲ್ಲಿ ಬಿಜಿಎಂಐ ಅಂತ ಹೊಸ ಹೆಸರಲ್ಲಿ ಬಂತು, 2022ರ ಜುಲೈಯಲ್ಲಿ ಅದೂ ಹೋಯಿತು, 2023ರ ಮೇಯಲ್ಲಿ ಮತ್ತೆ ಬಂತು. ನಡುವೆ 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ನಿಷೇಧವಾಯಿತು. ಅದೊಂದನ್ನೇ ಆಡುತ್ತಿದ್ದವರ ಗತಿ ಏನಾಗಿರಬೇಕು? ತಾಣಗಳೂ ಹಾಗೇ. ಮೈಕ್ರೋಸಾಫ್ಟಿನ ಮಿಕ್ಸರ್ 2020ರಲ್ಲಿ ಮುಚ್ಚಿತು, 2024ರಲ್ಲಿ ಟ್ವಿಚ್ ದಕ್ಷಿಣ ಕೊರಿಯಾದಲ್ಲಿ ಅಂಗಡಿ ಎತ್ತಿತು. ಉಳಿದುಕೊಂಡವರು ಯಾರೆಂದರೆ, ಯಾವ ಗೇಮ್ ಆಡಿದರೂ ಅವರ ಮಾತು ಕೇಳಲು ಜನ ಬರುವಂಥವರು. ಕನ್ನಡದಲ್ಲಿ ಚೆನ್ನಾಗಿ ಮಾತಾಡುವ ಮಗುವಿಗೆ ಇಲ್ಲೊಂದು ಜಾಗ ಇದೆ ಅಂತ ನಮಗೆ ಅನಿಸುತ್ತದೆ. ಹಿಂದಿಯಷ್ಟು ಜನ ಬರುವುದಿಲ್ಲ, ಬಂದವರು ಮನೆಯವರಂತೆ ಉಳೀತಾರೆ.

ಈಗ ಹೇಳುವುದನ್ನು ಮಾತ್ರ ದಯವಿಟ್ಟು ಎಲ್ಲರೂ ಗಮನ ಕೊಟ್ಟು ಕೇಳಿ. ಸ್ವಲ್ಪ ಜನ ನೋಡಲು ಶುರು ಮಾಡಿದ ಕೂಡಲೇ ಒಂದು ಮೆಸೇಜ್ ಬರ್ತದೆ: “ನಮ್ಮ ಆ್ಯಪ್ ಬಗ್ಗೆ ಎರಡು ಮಾತು ಹೇಳಿ, ಹತ್ತು ಸಾವಿರ ಕೊಡ್ತೇವೆ.” ಬಣ್ಣ ಹೇಳುವ ಆಟ, ರಮ್ಮಿ, ಬೆಟ್ಟಿಂಗ್ ಇಂಥವೇ ಆ ಆ್ಯಪ್‌ಗಳು. ವರ್ಷದಿಂದ ಕಾಸು ಕಾಣದ ಹುಡುಗನಿಗೆ ಇದು ದೊಡ್ಡ ಆಸೆ. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಅಂಥ ಆಟದ ಜಾಹೀರಾತು ಮಾಡಿದವರಿಗೆ 2 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಅಂತ ಅದರಲ್ಲಿ ಬರೆದಿದೆ. ಹಣ ಕಟ್ಟದೆ ಪಂದ್ಯದ ಹಾಗೆ ಆಡುವ ಇ-ಸ್ಪೋರ್ಟ್ಸ್‌ಗೆ ಅದೇ ಕಾಯ್ದೆ ಮಾನ್ಯತೆ ಕೊಟ್ಟಿದೆ. ಜೈಲಿನ ಮಾತು ಬಿಡಿ, ಆ ಆ್ಯಪ್ ನಂಬಿ ಹಣ ಕಳೆದುಕೊಳ್ಳುವವರು ಯಾರು? ನಮ್ಮಂಥ ಮನೆಯ ಗಂಡ, ಮಗ, ತಮ್ಮನೇ ಅಲ್ವಾ? ಆ ಹತ್ತು ಸಾವಿರ ಇನ್ನೊಂದು ಸಂಘದ ಅಕ್ಕನ ಉಳಿತಾಯದ ದುಡ್ಡು. ಇದನ್ನು ಮನೆಯಲ್ಲಿ ಮಕ್ಕಳಿಗೆ ಖಂಡಿತವಾಗಿ ಹೇಳಿ. ನ್ಯಾಯವಾದ ಜಾಹೀರಾತು, ಅಂದ್ರೆ ಹೆಡ್‌ಫೋನೋ ಬಟ್ಟೆಯೋ ಆದರೂ, ಇದು ಜಾಹೀರಾತು ಅಂತ ನೋಡುವವರಿಗೆ ತಿಳಿಸಬೇಕು ಎಂಬುದು ನಿಯಮ.

ಹೆಣ್ಣುಮಕ್ಕಳು ಮಾಡಬಾರದೇ ಅಂತ ಕೇಳಿದರೆ, ಮಾಡಬಹುದು. ಆದರೆ ಕೆಟ್ಟ ಮಾತು ಬರ್ತದೆ, ಗಂಡುಮಕ್ಕಳಿಗಿಂತ ಹೆಚ್ಚಾಗಿ ಬರ್ತದೆ. ಕೆಟ್ಟ ಪದಗಳನ್ನು ತಡೆಯುವ ವ್ಯವಸ್ಥೆ ಯೂಟ್ಯೂಬಿನಲ್ಲೇ ಇದೆ, ಅದಕ್ಕೆ ನಮ್ಮ ಕನ್ನಡದ ಬೈಗುಳಗಳನ್ನು ನಾವೇ ಸೇರಿಸಬೇಕು. ಪ್ರಸಾರದ ಹೊತ್ತಿಗೆ ಅಕ್ಕನೋ ಚಿಕ್ಕಮ್ಮನೋ ಇನ್ನೊಂದು ಮೊಬೈಲಿನಲ್ಲಿ ಕಾವಲು ಕೂರಲಿ, ಅದಕ್ಕೆ ಮಾಡರೇಟರ್ ಅಂತಾರೆ. ಊರ ಹೆಸರು, ಕಾಲೇಜಿನ ಸಮವಸ್ತ್ರ, ಮನೆಯ ಎದುರಿನ ರಸ್ತೆ ಕಾಣಿಸಬಾರದು. ಬೆದರಿಕೆಯೋ ವಂಚನೆಯೋ ಆದರೆ ತಕ್ಷಣ 1930ಕ್ಕೆ ಫೋನ್ ಮಾಡಿ. 2025ರ ಜುಲೈಯಿಂದ 16 ವರ್ಷದ ಒಳಗಿನವರು ಯೂಟ್ಯೂಬಿನಲ್ಲಿ ಒಬ್ಬರೇ ನೇರ ಪ್ರಸಾರ ಮಾಡುವಂತಿಲ್ಲ. ಪೋಕಿಮೇನ್ ಎಂಬ ಹೆಸರಿನಲ್ಲಿ ಪ್ರಸಿದ್ಧಳಾದ ಕೆನಡಾದ ಹುಡುಗಿ 2020ರಲ್ಲಿ, ನೋಡುವವರು ಒಮ್ಮೆಗೆ 5 ಡಾಲರಿಗಿಂತ ಹೆಚ್ಚು ಕೊಡಬಾರದು ಅಂತ ಮಿತಿ ಹಾಕಿದಳು. ಅಭಿಮಾನಿ ಮನೆ ಮಾರಿಕೊಳ್ಳಬಾರದು ಎಂಬ ಬುದ್ಧಿ ಅದು. 2022ರಲ್ಲಿ ಕೆಲಸ ಬಿಟ್ಟು ವಿಶ್ರಾಂತಿಯನ್ನೂ ತೆಗೆದುಕೊಂಡಳು. ನೋಡುವವರು ರಾತ್ರಿಯೇ ಜಾಸ್ತಿ, ಹಾಗಾಗಿ ನಿದ್ದೆ ಕೆಡ್ತದೆ. ಗೇಮ್ ಬಿಟ್ಟರೆ ಬೇರೇನೂ ಬೇಡ, ಊಟ ಓದು ಎರಡೂ ಬಿಟ್ಟ ಅಂದ್ರೆ ಅದು ಉದ್ಯೋಗ ಅಲ್ಲ, ಕಾಯಿಲೆ ಇರಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ 2014ರಿಂದ ಶಟ್ ಕ್ಲಿನಿಕ್ ಇದೆ. ದೂರದವರು ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.

ಇನ್ನು ಸಾಮಾನಿನ ಮಾತು. ಮೊದಲ ದಿನವೇ ಎಂಬತ್ತು ಸಾವಿರದ ಕಂಪ್ಯೂಟರ್ ಬೇಡ. ಇರುವ ಮೊಬೈಲಿನಲ್ಲೇ ಶುರು ಮಾಡಲಿ. ಕಂಪ್ಯೂಟರ್ ಇದ್ದವರಿಗೆ ಪ್ರಸಾರಕ್ಕೆ ಬೇಕಾದ ಓಬಿಎಸ್ ಎಂಬ ತಂತ್ರಾಂಶ ಪುಕ್ಕಟೆ ಸಿಗ್ತದೆ, ಹಣ ಕೇಳಿದರೆ ಕೊಡಬೇಡಿ. ಕ್ಯಾಮೆರಾಕ್ಕಿಂತ ಮೈಕು ಮುಖ್ಯ: ಚಿತ್ರ ಮಸುಕಾದರೂ ಜನ ನೋಡ್ತಾರೆ, ಮಾತು ಕೇಳದಿದ್ದರೆ ಹೊರಟು ಹೋಗ್ತಾರೆ. ಸಾಧಾರಣ ಸ್ಪಷ್ಟತೆಯ ಪ್ರಸಾರಕ್ಕೆ ಗಂಟೆಗೆ ಸುಮಾರು 1.8 ಜಿಬಿ ಡೇಟಾ ಬೇಕು. ದಿನಕ್ಕೆ 2 ಜಿಬಿಯ ಪ್ಯಾಕ್ ಒಂದು ಗಂಟೆಗೆ ಸಾಕು, ಎರಡು ಗಂಟೆಗೆ ಸಾಲದು. ಕರೆಂಟಿನ ಕಥೆ ನಿಮಗೇ ಗೊತ್ತು. ಹಿನ್ನೆಲೆಯಲ್ಲಿ ಸಿನಿಮಾ ಹಾಡು ಹಾಕಿದರೆ ಆ ವಿಡಿಯೋದ ಗಳಿಕೆ ಹಾಡಿನ ಕಂಪನಿಗೆ ಹೋಗಬಹುದು, ಅದೂ ನೆನಪಿರಲಿ.

ಈ ಕೆಲಸ ಕಲಿತವರು ಗೇಮಿಗೇ ಅಂಟಿಕೊಳ್ಳಬೇಕಾಗಿಲ್ಲ. ಅದೇ ಮೈಕು, ಅದೇ ಮೊಬೈಲು, ಅದೇ ಕೈಚಳಕದಲ್ಲಿ ಮದುವೆ, ಊರ ಹಬ್ಬ, ವಾಲಿಬಾಲ್ ಪಂದ್ಯದ ನೇರ ಪ್ರಸಾರ ಮಾಡಬಹುದು, ಬೇರೆಯವರ ವಿಡಿಯೋ ಕತ್ತರಿಸಿ ಜೋಡಿಸಿ ಕೊಡಬಹುದು. ಕಂತಿನ ಹಣ ಅಲ್ಲಿಂದ ಬೇಗ ಬರ್ತದೆ.

ಸಂಘಗಳಿಗೆ ನಾವು ಹೇಳುವುದು ಇಷ್ಟು. ಅರ್ಜಿ ಬಂದರೆ ಆರು ತಿಂಗಳು ಸಾಲವಿಲ್ಲದೆ ಮಾಡಿ ತೋರಿಸಲು ಹೇಳಿ. ಒಂದು ನೋಟ್ ಪುಸ್ತಕದಲ್ಲಿ ದಿನಾಂಕ, ಎಷ್ಟು ಗಂಟೆ, ಎಷ್ಟು ಜನ ನೋಡಿದರು, ಎಷ್ಟು ಖರ್ಚು ಅಂತ ಬರೆಯಲಿ. ಕಾಲೇಜಿನ ಹಾಜರಾತಿಯನ್ನೂ ನೋಡಿ. ನಂತರ ಮೈಕಿಗೋ ಇಂಟರ್ನೆಟ್ಟಿಗೋ ಚಿಕ್ಕ ಸಾಲ ಕೊಡಿ, ಅದು ತೀರಿದ ಮೇಲೆ ಕಂಪ್ಯೂಟರಿನ ಮಾತು. ಸಾಲ ಕೇಳುವ ದಿನ ತಾಯಿ ಒಬ್ಬಳೇ ಬಂದರೆ ಸಾಲದು, ಮಗನೋ ಮಗಳೋ ಸಭೆಗೆ ಬಂದು ಚಾಪೆ ಮೇಲೆ ಕೂತು ಸದಸ್ಯರಿಗೆ ತನ್ನ ಲೆಕ್ಕ ಹೇಳಲಿ. ಈಗಾಗಲೇ ಅರ್ಜಿ ಬಂದಿರುವ ಸಂಘಗಳ ಪ್ರತಿನಿಧಿಗಳು ಮುಂದಿನ ತಿಂಗಳ ಒಕ್ಕೂಟದ ಸಭೆಗೆ ಆ ನೋಟ್ ಪುಸ್ತಕ ತೆಗೆದುಕೊಂಡು ಬನ್ನಿ, ಒಟ್ಟಿಗೆ ಕೂತು ನೋಡೋಣ.