ಮಡಚುವ ಗರಗಸ: ಆರಿಸುವ ಬಗೆ, ಬಳಸುವ ಬಗೆ

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ವಾಚನಾಲಯದಲ್ಲಿ ಕುಮಾರವ್ಯಾಸನನ್ನು ಕುರಿತೂ ವಚನಗಳನ್ನು ಕುರಿತೂ ಭಾಷಣಗಳಾಗಿವೆ. ಹೀಗಿರಲು ಹಲಗೆಯ ಮೇಲೆ “ಮಡಚುವ ಗರಗಸ” ಎಂಬ ಪ್ರಕಟಣೆ ಕಂಡು ಹಿರಿಯರೊಬ್ಬರು, “ಗರಗಸಕ್ಕೂ ಕನ್ನಡಕ್ಕೂ ಏನಯ್ಯಾ ಸಂಬಂಧ?” ಎಂದು ಕೇಳಿದರು. ಸಂಬಂಧ ಹುಡುಕಿದರೆ ಸಿಕ್ಕೀತು. ಕೃಷ್ಣದೇವರಾಯನು 1516ರಲ್ಲಿ ಈ ಸಿಂಹಾಚಲದ ಬೆಟ್ಟವನ್ನೇರಿ ಸ್ವಾಮಿಗೆ ಒಡವೆ ಅರ್ಪಿಸಿದ್ದು ಶಾಸನದಲ್ಲಿದೆ. ಅವನ ದಂಡು ಕಾಡು ಕಡಿಯದೆ ಇಲ್ಲಿಗೆ ಬಂದಿರಲಾರದು! ಆದರೆ ನಾವು ಈ ವಿಷಯವನ್ನು ಆರಿಸಿಕೊಂಡುದಕ್ಕೆ ಅದು ಕಾರಣವಲ್ಲ. ಸಂಕ್ರಾಂತಿಯ ರಜೆಯಲ್ಲಿ ನಮ್ಮ ಸಂಘದ ಹುಡುಗರು ಮತ್ತೆ ಶಿಬಿರಕ್ಕೆ ಹೊರಡುವವರಿದ್ದಾರೆ. ಹಿಂದೊಮ್ಮೆ ಅಂಥ ಶಿಬಿರದಲ್ಲಿ ಆದುದೇನೆಂಬುದು ನಿಮ್ಮಲ್ಲಿ ಕೆಲವರಿಗೆ ತಿಳಿದಿದೆ. ಅದನ್ನು ಹೇಳದೆ ಹುಡುಗರ ಕೈಗೆ ಮತ್ತೆ ಗರಗಸ ಕೊಡಬಾರದೆಂದು ನಮ್ಮ ಮನಸ್ಸಿಗೆ ತೋರಿತು.

ಮೊದಲು ಅಂಗಡಿಯ ಮಾತು. ತೆಲುಗಿನಲ್ಲಿ ಗರಗಸಕ್ಕೆ ‘ರಂಪಂ’ ಎನ್ನುತ್ತಾರೆ. ನಾವು ಈ ಊರಿಗೆ ಬಂದ ಹೊಸದರಲ್ಲಿ ಪೂರ್ಣಾ ಮಾರುಕಟ್ಟೆಯ ಕಡೆ ಕಬ್ಬಿಣದ ಸಾಮಾನಿನ ಅಂಗಡಿಯೊಂದಕ್ಕೆ ಹೋದಾಗ ಅಂಗಡಿಯವನು “ರಂಪಂ ಕಾವಾಲಾ?” ಎಂದ. ನಮ್ಮೊಡನಿದ್ದ ಮನೆಯಾಕೆ, “ನಾವೇನು ರಂಪ ಮಾಡಿದೆವೂಂತ ಹೀಗೆ ಕೇಳ್ತಾನೆ?” ಎಂದು ಗಾಬರಿಯಾದರು. ಆದುದರಿಂದ ಹೊಸಬರು ಇದೊಂದು ಶಬ್ದವನ್ನು ಕಲಿತುಕೊಂಡು ಹೋಗುವುದು ಲೇಸು. “ಮಡಚುವ ರಂಪಂ” ಎಂದು ಕೈಯಿಂದ ಅಭಿನಯ ಮಾಡಿ ತೋರಿಸಿದರೆ ಕೊಡುತ್ತಾರೆ. ತೋಟದ ಸಾಮಾನು ಮಾರುವವರ ಬಳಿ ಇದು ಹೆಚ್ಚಾಗಿ ಸಿಕ್ಕುತ್ತದೆ, ಏಕೆಂದರೆ ಇದರ ಮೂಲ ಕೆಲಸ ಗಿಡದ ಕೊಂಬೆ ಸವರುವುದು.

ಇಂಥ ಸಾಮಾನು ಮನೆಯಲ್ಲಿರಬೇಕೆಂದು ನಮಗೆ ಕಲಿಸಿದ್ದು ಹುದ್‌ಹುದ್ ಚಂಡಮಾರುತ. 2014ನೆಯ ಅಕ್ಟೋಬರ್ 12, ಭಾನುವಾರ. ಗಂಟೆಗೆ ಸುಮಾರು 180 ಕಿಲೋಮೀಟರು ವೇಗದ ಗಾಳಿ ವಿಶಾಖಪಟ್ಟಣದ ಮೇಲೆಯೇ ಬಂದು ಬಡಿಯಿತು. ಮರುದಿನ ಬೆಳಿಗ್ಗೆ ಬಾಗಿಲು ತೆರೆದು ನೋಡಿದರೆ ಬೆಟ್ಟದ ಮೇಲೆ ಹಸಿರೆಂಬುದೇ ಇಲ್ಲ. ಎಲೆಯೆಲ್ಲ ಹಾರಿಹೋಗಿ ಮರಗಳು ಸುಟ್ಟ ಕಡ್ಡಿಗಳಂತೆ ನಿಂತಿದ್ದವು. ನಮ್ಮ ಓಣಿಯಲ್ಲಿ ಅಡ್ಡಡ್ಡವಾಗಿ ಮೂರು ಮರ. ಓಣಿಯ ಕೊನೆಯ ಮನೆಯಲ್ಲಿ ದಿನ ತುಂಬಿದ ಬಸುರಿ ಹೆಣ್ಣುಮಗಳು. ಯಂತ್ರದ ಗರಗಸಗಳೆಲ್ಲ ದೊಡ್ಡ ರಸ್ತೆಗಳ ಮೇಲಿದ್ದವು. ಓಣಿಗೆ ಬರಲು ಇನ್ನು ಎಷ್ಟು ದಿನವೋ! ಪಕ್ಕದ ಮನೆಯ ತೆಲುಗು ಮಿತ್ರರು ಕೊಡಲಿ ತಂದರು. ಗೋಡೆಗೂ ಮರಕ್ಕೂ ನಡುವೆ ಕೊಡಲಿ ಬೀಸುವಷ್ಟು ಎಡೆಯಿಲ್ಲ. ಎರಡು ಸಾರಿ ಬೀಸಿದಾಗ ಒಮ್ಮೆ ಗೋಡೆಗೇ ತಗುಲಿತು. ಆಗ ನಮ್ಮ ಹಿತ್ತಿಲ ಗುಲಾಬಿ, ನುಗ್ಗೆ ಸವರಲು ಇಟ್ಟುಕೊಂಡಿದ್ದ ಒಂದು ಗೇಣಿನ ಮಡಚುವ ಗರಗಸ ಹೊರಬಂತು. ನಾಲ್ವರು ಸರದಿಯ ಮೇಲೆ ಎಳೆದೆವು. ಬೊಡ್ಡೆಗಳನ್ನು ನಾವು ಮುಟ್ಟಲಿಲ್ಲ. ಕೊಂಬೆಗಳನ್ನಷ್ಟೇ ತೆಗೆದು ಒಂದು ಪಕ್ಕದಲ್ಲಿ ದಾರಿ ಬಿಡಿಸಿದೆವು. ಮಧ್ಯಾಹ್ನದೊಳಗೆ ಆಟೋ ರಿಕ್ಷಾ ಒಳಗೆ ಬಂತು. ಆ ಮಗುವಿಗೆ ಈಗ ಶಾಲೆಗೆ ಹೋಗುವ ವಯಸ್ಸು. ಓಣಿಯಲ್ಲಿ ಎಲ್ಲರೂ ಅವನನ್ನು ತುಫಾನು ಎಂದೇ ಕೂಗುತ್ತಾರೆ.

ಇನ್ನು ವಸ್ತುವಿನ ವಿಚಾರ. ಮಡಚುವ ಗರಗಸವೆಂದರೆ ಜೇಬು ಚಾಕುವಿನ ದೊಡ್ಡಣ್ಣ. ಅಲಗು ಹಿಡಿಯೊಳಗೆ ಮಡಚಿಕೊಳ್ಳುತ್ತದೆ. ಚೀಲದಲ್ಲಿಟ್ಟರೆ ಬಟ್ಟೆ ಹರಿಯುವುದಿಲ್ಲ. ಬಡಗಿಯ ದೊಡ್ಡ ಗರಗಸ ಸಾಮಾನ್ಯವಾಗಿ ದೂಡುವಾಗ ಕೊಯ್ಯುತ್ತದೆ. ಇದು ಬಹುಮಟ್ಟಿಗೆ ನಮ್ಮ ಕಡೆಗೆ ಎಳೆಯುವಾಗ ಕೊಯ್ಯುತ್ತದೆ. ಜಪಾನಿನ ಬಡಗಿಗಳ ಗರಗಸವೂ ಹೀಗೆಯೇ, ಪ್ರಾಚೀನ ಈಜಿಪ್ಟಿನ ತಾಮ್ರದ ಗರಗಸವೂ ಹೀಗೆಯೇ. ಕಾರಣ ಸರಳ. ಒಂದು ಕಾಗದದ ಪಟ್ಟಿಯನ್ನು ದೂಡಿ ನೋಡಿ, ಬಳುಕುತ್ತದೆ, ಎಳೆಯಿರಿ, ನೆಟ್ಟಗಾಗುತ್ತದೆ. ಎಳೆದು ಕೊಯ್ಯುವ ಅಲಗು ಬಳುಕುವುದಿಲ್ಲವಾದ್ದರಿಂದ ಅದನ್ನು ತೆಳ್ಳಗೆ ಮಾಡಬಹುದು. ತೆಳ್ಳಗಾದರೆ ಮರದಲ್ಲಿ ಬೀಳುವ ಸೀಳು ಕಿರಿದು. ಸೀಳು ಕಿರಿದಾದರೆ ತೋಳಿನ ದಣಿವು ಕಡಮೆ. ಈ ಅಲಗುಗಳು ಮುರಿಯುವುದು ಹೆಚ್ಚಾಗಿ ಅವಸರಪಟ್ಟು ದೂಡುವವರ ಕೈಯಲ್ಲಿ.

ಮಚ್ಚು ಸಾಲದೆ ಎಂದು ಕೇಳುವವರುಂಟು. ಮಚ್ಚು ಹಳ್ಳಿಯಲ್ಲಿ ಹುಟ್ಟಿ ಬೆಳೆದವನ ಕೈಗೆ ಒಳ್ಳೆಯದು. ಪೇಟೆಯ ಹುಡುಗ ಸಂಜೆ ದಣಿದು ಮಬ್ಬು ಬೆಳಕಿನಲ್ಲಿ ಬೀಸಿದರೆ ಅದು ಮರಕ್ಕೆ ಬೀಳುತ್ತದೆಯೋ ಮೊಣಕಾಲಿಗೆ ಬೀಳುತ್ತದೆಯೋ ಹೇಳಲಾಗದು. ಗರಗಸಕ್ಕೆ ಬೀಸು ಇಲ್ಲ, ಸದ್ದು ಕಡಮೆ, ಮರವೂ ಪೋಲಾಗುವುದಿಲ್ಲ. ನಮ್ಮ ಸ್ವಾಮಿ ವರ್ಷವೆಲ್ಲ ಮೈಗೆ ಬಳಿದುಕೊಂಡಿರುವ ಶ್ರೀಗಂಧವನ್ನೇ ನೋಡಿ: ಗಂಧದ ವ್ಯಾಪಾರದಲ್ಲಿ ಗರಗಸದಿಂದ ಉದುರಿದ ಹುಡಿಗೂ ಒಂದು ದರ್ಜೆಯಿದೆ, ಬೆಲೆಯಿದೆ.

ಆರಿಸುವಾಗ ನೋಡಬೇಕಾದ್ದು ಉದ್ದ, ಹಲ್ಲು, ಹಿಡಿ, ಕೀಲು. ಉದ್ದದ ವಿಷಯದಲ್ಲಿ ದುರಾಸೆ ಬೇಡ. ಅಲಗಿನ ಉದ್ದದ ಅರ್ಧದಷ್ಟು ದಪ್ಪದ ಕೊಂಬೆಯನ್ನು ಸುಖವಾಗಿ ಕೊಯ್ಯಬಹುದು. ಅದಕ್ಕೂ ದಪ್ಪವಾದರೆ ಅಲಗು ಹಿಂದೆ ಮುಂದೆ ಆಡಲು ಎಡೆಯಿಲ್ಲದೆ ಹುಡಿ ಸೀಳಿನಲ್ಲೇ ತುಂಬಿಕೊಳ್ಳುತ್ತದೆ. 17ರಿಂದ 20 ಸೆಂಟಿಮೀಟರಿನ ಅಲಗು ಶಿಬಿರಕ್ಕೆ ಸಾಕು. ಸ್ವೀಡನ್ ಮೂಲದ ಬಾಹ್ಕೊ ಕಂಪೆನಿಯ ಲ್ಯಾಪ್‌ಲ್ಯಾಂಡರ್ ಎಂಬುದು ಲೋಕವೆಲ್ಲ ತಿರುಗಿದ ಗರಗಸ. ಅದರ ಅಲಗು 19 ಸೆಂಟಿಮೀಟರು, ಅಂಗುಲಕ್ಕೆ 7 ಹಲ್ಲು, ತೂಕ ಸುಮಾರು 200 ಗ್ರಾಂ, ಎಳೆದರೂ ದೂಡಿದರೂ ಕೊಯ್ಯುತ್ತದೆ. ಜಪಾನಿನ ಸಿಲ್ಕಿ ಗರಗಸಗಳು ಇನ್ನೂ ಹರಿತ, ಬೆಲೆಯೂ ಹೆಚ್ಚು. ಎಳೆಯುವಾಗ ಮಾತ್ರ ಕೊಯ್ಯುತ್ತವೆ. ಫ್ರಾನ್ಸಿನ ಒಪಿನೆಲ್‌ನವರದು ಮರದ ಹಿಡಿಯ ಚಿಕ್ಕ ಗರಗಸ, 12 ಸೆಂಟಿಮೀಟರು. ನೋಡಲು ಚೆಂದ, ಸಣ್ಣ ಕಡ್ಡಿಗಳಿಗೆ ಸಾಕು. ನಮ್ಮ ದೇಶದಲ್ಲೇ ತೋಟದ ಉಪಯೋಗಕ್ಕೆಂದು ಮಾರುವಂಥವೂ ಇವೆ. ಹೆಸರಿಗೆ ಮರುಳಾಗದೆ ಕೈಯಲ್ಲಿ ಹಿಡಿದು ನೋಡಿ ಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.

ಹಲ್ಲಿನ ಲೆಕ್ಕ ಹೀಗೆ: ಅಂಗುಲಕ್ಕೆ ಆರೇಳು ಹಲ್ಲಿದ್ದರೆ ಹಸಿಮರಕ್ಕೂ ಒಣಮರಕ್ಕೂ ನಡೆಯುತ್ತದೆ. ಹಸಿಮರದ ಹುಡಿ ಒದ್ದೆ, ನಾರು ನಾರು. ಹಲ್ಲುಗಳ ನಡುವೆ ಅದಕ್ಕೆ ಜಾಗ ಬೇಕು, ಆದುದರಿಂದ ದಪ್ಪ ಹಲ್ಲು. ಬಿದಿರಿಗೂ ಚೆನ್ನಾಗಿ ಒಣಗಿದ ಗಟ್ಟಿ ಮರಕ್ಕೂ ಸಣ್ಣ ಹಲ್ಲು. ದಪ್ಪ ಹಲ್ಲು ಬಿದಿರಿನ ಸಿಬಿರನ್ನು ಕಿತ್ತು ತೆಗೆಯುತ್ತದೆ. ಈಗಿನ ಬಹಳ ಗರಗಸಗಳ ಹಲ್ಲಿನ ತುದಿಯನ್ನು ಕ್ಷಣಮಾತ್ರ ಕಾಯಿಸಿ ಗಡುಸು ಮಾಡಿರುತ್ತಾರೆ. ತುದಿ ನೀಲಿಗಪ್ಪಾಗಿ ಕಾಣುತ್ತದೆ. ಅವು ಬಹುಕಾಲ ಹರಿತವಾಗಿರುತ್ತವೆ, ಆದರೆ ಮೊಂಡಾದ ಮೇಲೆ ಅರ ಹಾಕಿದರೆ ಅರವೇ ಜಾರುತ್ತದೆ. ಆದುದರಿಂದ ಬೇರೆ ಅಲಗು ಸಿಕ್ಕುವಂಥದನ್ನೇ ಕೊಳ್ಳಬೇಕು.

ಕೀಲಿನ ವಿಷಯಕ್ಕೆ ಬಂದೆವು. ಇಲ್ಲಿ ನಮ್ಮ ತಪ್ಪನ್ನು ಹೇಳಿಕೊಳ್ಳಬೇಕಾಗಿದೆ.

ಅನಂತಗಿರಿಯ ಕೆಳಗೆ ಪರಿಚಯಸ್ಥರ ತೋಪೊಂದರಲ್ಲಿ ಹುಡುಗರ ಶಿಬಿರ. ಅದಕ್ಕೆಂದು ನಾವೇ ನಾಲ್ಕು ಗರಗಸಗಳನ್ನು ತಂದಿದ್ದೆವು. ಒಳ್ಳೆಯದು ಒಂದಕ್ಕೆ ಕೊಡುವ ಹಣಕ್ಕೆ ಅಗ್ಗದವು ನಾಲ್ಕು ಬಂದವೆಂದು ಖಜಾಂಚಿಯವರ ಮುಂದೆ ಹೆಚ್ಚಳ ಬೇರೆ. ಅವುಗಳಿಗೆ ಅಗುಳಿ ಇರಲಿಲ್ಲ. ಕೀಲಿನ ಮೇಲೆ ಒಂದು ಕಿವಿಯ ನಟ್ಟು, ಅದನ್ನು ಬಿಗಿದರೆ ಅಲಗು ನಿಲ್ಲಬೇಕು. ಹದಿನಾಲ್ಕು ವರ್ಷದ ಹುಡುಗನೊಬ್ಬ ಬಿದ್ದ ಗೇರುಕೊಂಬೆಯನ್ನು ಕೊಯ್ಯುತ್ತಿದ್ದ. ಕೊಯ್ತದ ಅದುರಿಗೆ ನಟ್ಟು ತಾನಾಗಿ ಸಡಿಲವಾಗಿದೆ. ಸೀಳು ಮುಚ್ಚಿಕೊಂಡು ಅಲಗು ಸಿಕ್ಕಿಬಿದ್ದಿತು. ಹುಡುಗ ಬಿಡಿಸಲೆಂದು ಬಲವಾಗಿ ಮುಂದಕ್ಕೆ ದೂಡಿದ. ಅಲಗು ಅಲ್ಲೇ ಉಳಿಯಿತು, ಹಿಡಿ ಮಡಚಿಕೊಂಡಿತು, ತೋರುಬೆರಳು ನಡುವೆ. ಬೆಟ್ಟದ ದಾರಿಯಲ್ಲಿ ಟವಲು ಸುತ್ತಿ, ಕೈಯನ್ನು ಎದೆಗಿಂತ ಮೇಲೆ ಎತ್ತಿ ಹಿಡಿದು ಆಸ್ಪತ್ರೆಗೆ ಕರೆತಂದೆವು. ಬೆರಳು ಉಳಿಯಿತು. ಆದರೆ ಒಳಗಿನ ನರ ಕತ್ತರಿಸಿಹೋಗಿತ್ತು; ಇಂದಿಗೂ ಅದು ಪೂರ್ತಿ ಮಡಿಯುವುದಿಲ್ಲ. ಆ ಹುಡುಗ ಮೃದಂಗ ಕಲಿಯುತ್ತಿದ್ದ. ಅವನ ತಾಯಿ ನಮಗೆ ಒಂದು ಮಾತೂ ಅನ್ನಲಿಲ್ಲ. ಮರುವಾರ ವಾಚನಾಲಯಕ್ಕೆ ಬಂದು ಎಂದಿನಂತೆ ಪುಸ್ತಕ ಬದಲಾಯಿಸಿಕೊಂಡು ಹೋದರು. ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು.

ಆದುದರಿಂದ ಅಗುಳಿಯಿಲ್ಲದ ಗರಗಸವನ್ನು ಈ ಸಂಘದ ಹಣದಿಂದ ಇನ್ನು ಕೊಳ್ಳತಕ್ಕದ್ದಲ್ಲ. ಅಂಗಡಿಯಲ್ಲೇ ಅಲಗನ್ನು ಪೂರ್ತಿ ತೆರೆದು, ಅಗುಳಿ ‘ಟಕ್’ ಎಂದು ಕೂತ ಸದ್ದು ಕೇಳಿ, ಬಳಿಕ ಅಲಗಿನ ಬೆನ್ನನ್ನು ಮೇಜಿನಂಚಿಗೆ ಒತ್ತಿ ಹಿಡಿಯ ಕಡೆ ಮಡಚಲು ನೋಡಬೇಕು. ಒತ್ತುವಾಗ ಬೆರಳುಗಳು ಅಲಗು ಬಂದು ಕೂರುವ ಗಾಡಿಯ ಹೊರಗಿರಲಿ. ತುಸು ಜಗ್ಗಿದರೂ ಬೇಡ. ಅಕ್ಕಪಕ್ಕಕ್ಕೆ ಅಲ್ಲಾಡಿದರೂ ಬೇಡ. ಮಡಚಿದಾಗಲೂ ಅಗುಳಿ ಬೀಳುವಂಥದಾದರೆ ಇನ್ನೂ ಮೇಲು, ಚೀಲದಲ್ಲಿ ತಾನಾಗಿ ತೆರೆದುಕೊಳ್ಳುವುದಿಲ್ಲ. ಹಿಡಿಯ ತುದಿ ಕೆಳಕ್ಕೆ ಬಾಗಿದ್ದರೆ ಬೆವರಿದ ಕೈ ಜಾರುವುದಿಲ್ಲ. ನಮ್ಮ ಕರಾವಳಿಯಲ್ಲಿ ಬೆವರದ ಕೈ ಎಲ್ಲಿದೆ?

ಕೊಯ್ಯುವ ಕ್ರಮ. ಕೊಂಬೆ ಅಲ್ಲಾಡದಂತೆ ಕಲ್ಲಿನ ಮೇಲೋ ಇನ್ನೊಂದು ಮರದ ಮೇಲೋ ಒರಗಿಸಿ, ಕೊಯ್ಯುವ ತುದಿ ಹೊರಗೆ ಚಾಚಿರಲಿ. ಎರಡು ಕಡೆ ಆಧಾರವಿಟ್ಟು ನಡುವೆ ಕೊಯ್ದರೆ ಸೀಳು ಮುಚ್ಚಿ ಅಲಗು ಸಿಕ್ಕಿಬೀಳುತ್ತದೆ. ಆ ಹುಡುಗನಿಗೆ ಆದದ್ದೂ ಅದೇ. ಹಾಗೆ ಸಿಕ್ಕಿಬಿದ್ದರೆ ಜಗ್ಗಾಡದೆ, ಕೊಂಬೆಯನ್ನು ಕೆಳಗಿನಿಂದ ಎತ್ತಿ, ಇಲ್ಲವೆ ಸೀಳಿನಲ್ಲಿ ಮರದ ಬೆಣೆಯಿಟ್ಟು ಬಿಡಿಸಬೇಕು. ಮೊದಲು ಹಿಡಿಯ ಹತ್ತಿರದ ಹಲ್ಲಿನಿಂದ ಎರಡು ಮೂರು ಬಾರಿ ಮೆಲ್ಲಗೆ ಎಳೆದು ಗೀರು ಮಾಡಿಕೊಳ್ಳಿ. ಅಲಗು ನೆಗೆಯುವುದು ಈ ಮೊದಲ ಎಳೆತಗಳಲ್ಲೇ. ಇನ್ನೊಂದು ಕೈ ಒಂದು ಗೇಣಿಗಿಂತ ದೂರವಿರಲಿ, ಅದಕ್ಕೆ ಚರ್ಮದ ಕೈಚೀಲವಿರಲಿ. ಬಳಿಕ ಅಲಗಿನ ಪೂರಾ ಉದ್ದ ಬಳಸಿ ನಿಧಾನವಾಗಿ ಎಳೆಯಬೇಕು, ಒತ್ತಬಾರದು. ಇನ್ನೇನು ತುಂಡಾಗುತ್ತದೆ ಎನ್ನುವಾಗ ಇನ್ನೂ ನಿಧಾನ.

ಗಾಳಿಗೆ ಬಿದ್ದ ಮರ ಮಾತ್ರ ಬೇರೆ ಜಾತಿ. ಬಾಗಿ ನಿಂತ ಕೊಂಬೆಯ ಒಂದು ಮಗ್ಗುಲು ಎಳೆದುಕೊಂಡಿರುತ್ತದೆ, ಇನ್ನೊಂದು ಮಗ್ಗುಲು ಅಮುಕಿಕೊಂಡಿರುತ್ತದೆ. ಅಮುಕಿದ ಮಗ್ಗುಲಲ್ಲಿ ಮೊದಲು ಕಾಲುಭಾಗ ಕೊಯ್ದು, ಬಳಿಕ ಎಳೆದ ಮಗ್ಗುಲಿನಿಂದ ಮುಗಿಸಬೇಕು. ತಿರುವುಮುರುವಾದರೆ ಒಂದೋ ಅಲಗು ಸಿಕ್ಕಿಬೀಳುತ್ತದೆ, ಇಲ್ಲವೆ ಕೊಂಬೆ ಸೀಳಿ ಮುಖಕ್ಕೆ ಬಡಿಯುತ್ತದೆ. ಅದು ಚಿಮ್ಮುವ ದಿಕ್ಕಿನಲ್ಲಿ ನಿಲ್ಲಬಾರದು. ಇನ್ನೊಂದು ಮರಕ್ಕೆ ತಗುಲಿಕೊಂಡು ತೂಗುತ್ತಿರುವ ಮರವನ್ನೂ ವಿದ್ಯುತ್ ತಂತಿ ತಾಗಿದ ಮರವನ್ನೂ ನಮ್ಮಂಥವರು ಮುಟ್ಟುವುದೇ ಬೇಡ. ಕರೆಂಟು ಇಲ್ಲವಲ್ಲ ಎಂಬ ಧೈರ್ಯವೂ ಬೇಡ, ಯಾವ ಗಳಿಗೆಯಲ್ಲಿ ಬರುತ್ತದೋ!

ಹಿತ್ತಿಲ ಜೀವಂತ ಮರದ ಕೊಂಬೆಯಾದರೆ ಮೂರು ಕೊಯ್ತ. ಬೊಡ್ಡೆಯಿಂದ ಒಂದು ಗೇಣು ಆಚೆ ಕೆಳಗಿನಿಂದ ಸ್ವಲ್ಪ. ಅದಕ್ಕೂ ತುಸು ಆಚೆ ಮೇಲಿನಿಂದ ಪೂರ್ತಿ. ಭಾರ ಬಿದ್ದುಹೋದ ಮೇಲೆ ಉಳಿದ ಮೋಟನ್ನು ಕೊಂಬೆಯ ಬುಡದ ಉಬ್ಬಿನ ಹೊರಗೆ. ಉಬ್ಬನ್ನು ಕೊಯ್ಯಬಾರದು, ಮರದ ಗಾಯ ಮಾಯುವುದು ಅಲ್ಲಿಂದಲೇ.

ನಮ್ಮ ಕಡೆಯ ಮರಗಳಲ್ಲಿ ಹಲಸಿನ ಅಂಟು ಅಲಗಿಗೆ ಹಿಡಿದು ಕೊಯ್ತವನ್ನೇ ನಿಲ್ಲಿಸುತ್ತದೆ. ಮೊದಲೇ ತೆಂಗಿನೆಣ್ಣೆ ಸವರಿಕೊಂಡರೆ ಬೇಗ ಬಿಡುತ್ತದೆ. ಗೇರು, ಮಾವುಗಳ ಸೊನೆ ಕೆಲವರ ಚರ್ಮವನ್ನು ಸುಡುತ್ತದೆ. ಆ ಕೈಯಿಂದ ಕಣ್ಣು ಒರಸಿಕೊಳ್ಳಬಾರದು. ಸರ್ವೆ ಮರ ಗಟ್ಟಿ, ತೋಳು ನೋಯಿಸುತ್ತದೆ. ಆದರೆ ಒಲೆಗೆ ಅದರಂಥ ಸೌದೆಯಿಲ್ಲ, ಅರೆಹಸಿಯಾಗಿದ್ದರೂ ಉರಿಯುತ್ತದೆ.

ಎಲ್ಲಿ ಕೊಯ್ಯಬಹುದೆಂಬುದನ್ನೂ ಹುಡುಗರು ಕೇಳಿಕೊಳ್ಳಬೇಕು. ಕಂಬಾಲಕೊಂಡ ಅಭಯಾರಣ್ಯ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅಲ್ಲಿ ಅನ್ವಯಿಸುತ್ತದೆ, ಒಣ ಕೊಂಬೆಯನ್ನೂ ತೆಗೆಯುವಂತಿಲ್ಲ. ಬೆಟ್ಟದ ಮೇಲಿನ ದೇವಸ್ಥಾನದ ನೆಲವೂ ನಮ್ಮದಲ್ಲ. ಖಾಸಗಿ ತೋಪಿನಲ್ಲಿಯೂ ಒಡೆಯನನ್ನು ಕೇಳಿ, ಬಿದ್ದ ಮರವನ್ನಷ್ಟೇ. ನಿಂತ ಮರ ಕಡಿಯಲು ಈ ರಾಜ್ಯದಲ್ಲಿ 2002ರ ಕಾಯಿದೆಯಂತೆ ಅನುಮತಿ ಬೇಕು. ವಿಮಾನದಲ್ಲಿ ಬೆಂಗಳೂರಿಗೆ ಹೋಗುವವರು ಗರಗಸವನ್ನು ಕೈಚೀಲದಲ್ಲಿ ಇಟ್ಟುಕೊಳ್ಳಬಾರದು. ಕಳಿಸುವ ಪೆಟ್ಟಿಗೆಯೊಳಗೆ ಹಾಕಬೇಕು.

ಕೆಲಸ ಮುಗಿದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹುಡಿ ತೆಗೆದು, ಅಂಟಿದ್ದರೆ ಸೀಮೆಎಣ್ಣೆಯ ಬಟ್ಟೆಯಿಂದ ಒರಸಿ, ಒಣಗಿಸಿ, ಎಣ್ಣೆಯ ಪಸೆ ಸವರಿ ಮಡಚಬೇಕು. ಈ ಊರಿನ ಉಪ್ಪುಗಾಳಿಗೆ ಒದ್ದೆಯಾಗಿ ಮಡಚಿಟ್ಟ ಅಲಗು ಎರಡೇ ದಿನದಲ್ಲಿ ಕೆಂಪಾಗುತ್ತದೆ. ಕೀಲಿನ ತಿರುಪನ್ನು ಪ್ರತಿಸಲವೂ ಬಿಗಿದು ನೋಡತಕ್ಕದ್ದು.

ಹಳೆಯ ನಾಲ್ಕೂ ಗರಗಸಗಳ ಅಲಗುಗಳನ್ನು ನಾವೇ ಮುರಿದು ಗುಜರಿಗೆ ಹಾಕಿದ್ದೇವೆ. ಈಗ ಅಗುಳಿಯಿರುವ ಎರಡು ಗರಗಸಗಳು ವಾಚನಾಲಯದ ಕಪಾಟಿನ ಕೆಳಗಿನ ಅರೆಯಲ್ಲಿವೆ, ನಿಘಂಟುಗಳ ಪಕ್ಕದಲ್ಲಿ. ಬೇಕಾದವರು ಪುಸ್ತಕದಂತೆಯೇ ದಾಖಲೆಯಲ್ಲಿ ಸಹಿ ಮಾಡಿ ಹದಿನೈದು ದಿನಕ್ಕೆ ಒಯ್ಯಬಹುದು. ಹದಿನೆಂಟು ತುಂಬದವರು ತಂದೆಯನ್ನೋ ತಾಯಿಯನ್ನೋ ಜೊತೆಗೆ ಕರೆತರಬೇಕು. ಮುಂದಿನ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಹಿತ್ತಿಲಲ್ಲಿ ಒಂದು ಸರ್ವೆಯ ತುಂಡನ್ನು ಇಟ್ಟಿರುತ್ತೇವೆ. ಶಿಬಿರಕ್ಕೆ ಹೋಗುವ ಹುಡುಗರೆಲ್ಲ ಬಂದು ಒಂದೊಂದು ಬಿಲ್ಲೆ ಕೊಯ್ದು ತೋರಿಸಬೇಕು. ಕಲಿಸಲು ಬರುವವನು ಅಂದು ಬೆರಳು ಗಾಯ ಮಾಡಿಕೊಂಡ ಆ ಹುಡುಗನೇ; ತಾನಾಗಿ ಬರುತ್ತೇನೆಂದು ಹೇಳಿಕಳಿಸಿದ್ದಾನೆ.